ನಡುಮೈದಾನದಲ್ಲಿ ಇಪ್ಪತ್ತೊಂದು ವರ್ಷ

ಆಟಗಳ ಚರಿತ್ರೆಯನ್ನು ಬರೆದಿಡುವವರು ಅಂಕಿಗಳನ್ನು ನಂಬುತ್ತಾರೆ. ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವರ ಹೆಸರು ಪುಸ್ತಕ ಸೇರುತ್ತದೆ. ಗೋಲಿನ ಬಾಯಲ್ಲಿ ನಿಂತು ಚೆಂಡನ್ನು ತಡೆದವರ ಹೆಸರೂ ಒಮ್ಮೊಮ್ಮೆ ಸೇರುವುದುಂಟು. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಮುಟ್ಟಿಸಿದವರ ಹೆಸರಿಗೆ ಮಾತ್ರ ಆ ಪುಸ್ತಕದಲ್ಲಿ ಜಾಗವಿಲ್ಲ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರನ್ನು ಆಟದ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಅದೇ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದ ಕೆಂಪಯ್ಯನವರನ್ನು ಬೆಂಗಳೂರಿನವರಲ್ಲೇ ಎಷ್ಟು ಮಂದಿ ಬಲ್ಲರು?

ಅಂದು ಹಾಫ್‌ಬ್ಯಾಕ್ ಎನ್ನುತ್ತಿದ್ದ ಜಾಗವನ್ನು ಇಂದು ಮಿಡ್‌ಫೀಲ್ಡ್ ಎನ್ನುತ್ತಾರೆ. ಹೆಸರು ಬದಲಾದರೂ ಕೆಲಸ ಬದಲಾಗಿಲ್ಲ. ಎದುರಾಳಿ ಮುನ್ನುಗ್ಗಿದಾಗ ಹಿಂದೋಡಿ ರಕ್ಷಣೆಗೆ ನಿಲ್ಲಬೇಕು. ಚೆಂಡು ಸಿಕ್ಕ ಗಳಿಗೆಯಲ್ಲೇ ತಲೆಯೆತ್ತಿ, ಮುಂದೆ ಯಾರು ಯಾವ ಕಡೆ ಓಡುತ್ತಿದ್ದಾರೆಂಬುದನ್ನು ಕಂಡು, ಅವರು ತಲಪುವ ಜಾಗಕ್ಕೆ ಚೆಂಡನ್ನು ಕಳುಹಿಸಬೇಕು. ತೊಂಬತ್ತು ನಿಮಿಷದ ಆಟದಲ್ಲಿ ಹತ್ತು ಕಿಲೋಮೀಟರಿನಷ್ಟು ಓಟ ಈ ನಡುವಿನವರ ಪಾಲಿಗೆ ಬರುತ್ತದೆ. ಅವರ ಆಟ ಚೆನ್ನಾಗಿದ್ದ ದಿನ ಜನ ಮುಂದಾಳನ್ನು ಹೊಗಳುತ್ತಾರೆ. ಚೆನ್ನಾಗಿಲ್ಲದ ದಿನ ತಂಡ ಎರಡು ತುಂಡಾದಂತೆ ಕಾಣುತ್ತದೆ.

ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನದಿಯ ಆಸರೆ ಕಡಮೆಯಾದ ಈ ನಾಡಿನಲ್ಲಿ ಹಿರಿಯರು ಕೆರೆಗಳನ್ನು ಒಂದರ ಕೆಳಗೊಂದರಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ನಡುವಿನ ಕೆರೆಗೆ. ಅದು ತುಂಬಿದರೆ ಕೆಳಗಿನದಕ್ಕೆ. ನಡುವಿನ ಕೆರೆಯ ಏರಿ ಒಡೆದರೆ ಅಥವಾ ಕಾಲುವೆ ಹೂತುಹೋದರೆ, ಮೇಲೆ ಎಷ್ಟು ಮಳೆಯಾದರೂ ಕೆಳಗಿನ ಊರಿನ ಗದ್ದೆಗೆ ನೀರಿಲ್ಲ. ನಡುಮೈದಾನದ ಆಟಗಾರರ ಕೆಲಸ ಆ ನಡುವಿನ ಕೆರೆಯದು. ಒಂದು ಆಟದ ಚರಿತ್ರೆಯಲ್ಲಿಯೂ ಇಂಥ ನಡುಗಾಲವೊಂದು ಇರುತ್ತದೆ. ಆ ಕಾಲದಲ್ಲಿ ನಿಂತು ಹಿಂದಿನವರದನ್ನು ಮುಂದಿನವರಿಗೆ ಮುಟ್ಟಿಸಿದವರನ್ನು ಮರೆತರೆ ಚರಿತ್ರೆಯೇ ಅರ್ಥವಾಗುವುದಿಲ್ಲ. ಭಾರತದ ಮಹಿಳಾ ಕಾಲ್ಚೆಂಡಾಟದಲ್ಲಿ ಈ ಎರಡು ಅರ್ಥದಲ್ಲಿಯೂ ನಡುವೆ ನಿಂತವರು ಮಣಿಪುರದ ಒಯಿನಮ್ ಬೆಂಬೆಮ್ ದೇವಿಯವರು.

ಹೆಂಗಸರು ಈ ಆಟವನ್ನು ಆಡತೊಡಗಿದ್ದು ಇತ್ತೀಚೆಗೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಅದು ಸರಿಯಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋಗಿ, ಇಂಗ್ಲೆಂಡಿನ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ಪಟ್ಟಣದ ಡಿಕ್ ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳು 1917ರಲ್ಲಿ ತಂಡ ಕಟ್ಟಿ ಆಡಿದರು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನಲ್ಲಿ ಅವರ ಆಟವನ್ನು ನೋಡಲು ಐವತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಮರುವರ್ಷವೇ, 1921ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಸಾರಿ, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಬಾಗಿಲು ಮತ್ತೆ ತೆರೆಯಲು ಐವತ್ತು ವರ್ಷ ಬೇಕಾಯಿತು. ಕಾಲ್ಚೆಂಡನ್ನೇ ಉಸಿರಾಡುವ ಬ್ರೆಜಿಲ್ ದೇಶದಲ್ಲಿ 1941ರ ಸರ್ಕಾರಿ ಆಜ್ಞೆಯೊಂದು ಹೆಂಗಸರ ಆಟವನ್ನು ನಿಷೇಧಿಸಿತು. ಅದು 1979ರವರೆಗೆ ಜಾರಿಯಲ್ಲಿತ್ತು. ಅದೇ ದೇಶದ ಫೋರ್ಮಿಗಾ ಎಂಬ ನಡುಮೈದಾನದ ಆಟಗಾರ್ತಿ 1995ರಿಂದ 2019ರವರೆಗೆ ಏಳು ವಿಶ್ವಕಪ್‌ಗಳಲ್ಲಿ ಆಡಿದರು. ಫೋರ್ಮಿಗಾ ಎಂದರೆ ಅವರ ಭಾಷೆಯಲ್ಲಿ ಇರುವೆ. ನಡುಮೈದಾನದವರಿಗೆ ಇದಕ್ಕಿಂತ ಒಪ್ಪುವ ಅಡ್ಡಹೆಸರು ಇರಲಾರದು.

ಭಾರತದಲ್ಲಿ ಅಂಥ ನಿಷೇಧವೇನೂ ಇರಲಿಲ್ಲ. ನಮ್ಮಲ್ಲಿ ಇದ್ದುದು ಉದಾಸೀನ. ಆ ಉದಾಸೀನದ ನಡುವೆಯೇ 1975ರಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ಫೆಡರೇಷನ್ ಎಂಬ ಸಂಸ್ಥೆ ಹುಟ್ಟಿತು. ಗಂಡಸರ ಆಟವನ್ನು ನಡೆಸುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸಂಪನ್ಮೂಲ ಕಡಮೆ, ಉತ್ಸಾಹ ಹೆಚ್ಚು. ಆದರೂ ಫಲ ಬೇಗನೆ ಬಂತು. 1980ರ ಆರಂಭದಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ಗೆ ಭಾರತ ಎರಡು ತಂಡಗಳನ್ನು ಕಣಕ್ಕಿಳಿಸಿತು. ಅವುಗಳಲ್ಲೊಂದು ಫೈನಲ್ ತಲುಪಿ ತೈವಾನಿಗೆ ಸೋತಿತು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರನೆಯ ಸ್ಥಾನ. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಫೈನಲ್. ಬಂಗಾಳದ ಶಾಂತಿ ಮಲ್ಲಿಕ್, ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಮೊದಲಾದವರು ಆ ಪೀಳಿಗೆಯವರು. ಶಾಂತಿ ಮಲ್ಲಿಕ್ ಅವರಿಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಕಾಲ್ಚೆಂಡಾಟಕ್ಕಾಗಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಆಮೇಲೆ ಏನಾಯಿತು? ಚೀನಾ 1986ರಲ್ಲಿ ಏಷ್ಯಾ ಚಾಂಪಿಯನ್‌ಷಿಪ್‌ಗೆ ಕಾಲಿಟ್ಟು ಮೊದಲ ಸಲವೇ ಗೆದ್ದಿತು. ಆ ಶತಮಾನ ಮುಗಿಯುವವರೆಗೂ ಆ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. 1990ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಕಾಲ್ಚೆಂಡಾಟ ಸೇರಿತು. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು. ಬೇರೆ ದೇಶಗಳು ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ತಳಪಾಯ ಹಾಕುತ್ತಿದ್ದಾಗ ನಮ್ಮಲ್ಲಿ ಹಳೆಯ ಸಂಸ್ಥೆ ಸೊರಗುತ್ತ ಬಂತು. ತೊಂಬತ್ತರ ದಶಕದ ಆರಂಭದಲ್ಲಿ ಮಹಿಳೆಯರ ಆಟ ಅಖಿಲ ಭಾರತ ಫೆಡರೇಷನ್ನಿನ ಆಡಳಿತಕ್ಕೆ ಬಂದರೂ, ಅದಕ್ಕೆ ಪಂದ್ಯಗಳ ಕ್ರಮವಾದ ಪಂಚಾಂಗವೇನೂ ಸಿಕ್ಕಲಿಲ್ಲ. ಫೈನಲ್ ಆಡಿ ಬಂದ ಹೆಂಗಸರು ತಮ್ಮ ತಮ್ಮ ನೌಕರಿ ಸಂಸಾರಗಳಿಗೆ ಮರಳಿದರು. ಅವರು ಕಲಿತದ್ದನ್ನು ಮುಂದಿನವರಿಗೆ ಕಲಿಸುವ ಏರ್ಪಾಡು ಇರಲಿಲ್ಲ. ಪರಿಣಾಮವನ್ನು ಒಂದೇ ಊರಿನ ಎರಡು ಪಂದ್ಯಗಳಿಂದ ಅಳೆಯಬಹುದು. 1983ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯಾ ಫೈನಲ್ ಆಡಿದ ಭಾರತ, 1998ರ ಡಿಸೆಂಬರಿನಲ್ಲಿ ಅದೇ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾಕ್ಕೆ 0–16ರಿಂದ ಸೋತಿತು. ನಡುವೆ ಕಳೆದದ್ದು ಹದಿನೈದು ವರ್ಷ. ಆ ಅವಧಿಯಲ್ಲಿ ಒಡೆದ ಏರಿಯನ್ನು ಯಾರೂ ಕಟ್ಟಿಸಿರಲಿಲ್ಲ.

ಬೆಂಬೆಮ್ ದೇವಿಯವರ ಆಟದ ಬದುಕು ಬಿದ್ದದ್ದು ಈ ಬರಗಾಲದಲ್ಲಿ.

1980ರ ಏಪ್ರಿಲ್ 4ರಂದು ಅವರು ಇಂಫಾಲದಲ್ಲಿ ಹುಟ್ಟಿದರು. ಮಣಿಪುರ ಆಟದ ನಾಡು. ಕುದುರೆ ಚೆಂಡಾಟವಾದ ಪೋಲೊ ಜಗತ್ತಿಗೆ ಹರಡಿದ್ದು ಅಲ್ಲಿನ ಸಗೋಲ್ ಕಾಂಜೈಯಿಂದ. ಎಣ್ಣೆ ಸವರಿದ ತೆಂಗಿನಕಾಯಿಯನ್ನು ಹಿಡಿದು ಓಡುವ ಯುಬಿ ಲಕ್ಪಿ ಎಂಬ ಆಟವೂ ಅಲ್ಲಿನದೇ. ಆ ನಾಡಿನ ಹೆಂಗಸರು ಬೀದಿಗೆ, ಬಯಲಿಗೆ ಹೊಸಬರಲ್ಲ. ಇಂಫಾಲದ ಇಮಾ ಕೈಥೆಲ್, ಅಂದರೆ ತಾಯಂದಿರ ಸಂತೆ, ಇಡಿಯಾಗಿ ಹೆಂಗಸರ ಕೈಯಲ್ಲಿದೆ. ಅಲ್ಲಿ ಅಂಗಡಿಯಿಟ್ಟವರೆಲ್ಲ ಹೆಂಗಸರೇ. 1904ರಲ್ಲಿ ಬ್ರಿಟಿಷರ ಬಿಟ್ಟಿದುಡಿಮೆಯ ಆಜ್ಞೆಯನ್ನೂ 1939ರಲ್ಲಿ ಅಕ್ಕಿಯನ್ನು ಹೊರಗೆ ಸಾಗಿಸುವುದನ್ನೂ ಎದುರಿಸಿ ಬೀದಿಗಿಳಿದವರು ಅಲ್ಲಿನ ಹೆಂಗಸರು. ಅವರ ಭಾಷೆಯಲ್ಲಿ ಇದಕ್ಕೆ ನುಪಿ ಲಾನ್, ಹೆಂಗಸರ ಯುದ್ಧ ಎಂದು ಹೆಸರು.

ಇಷ್ಟಿದ್ದರೂ ಹೆಣ್ಣುಮಗಳೊಬ್ಬಳು ಕಾಲ್ಚೆಂಡಿನ ಹಿಂದೆ ಹೋಗುವುದು ಅಲ್ಲಿಯೂ ಸುಲಭವಿರಲಿಲ್ಲ. ಹುಡುಗಿಯರ ತಂಡ ಸಿಗದ ಕಡೆ ಬೆಂಬೆಮ್ ಹುಡುಗರೊಂದಿಗೆ ಆಡುತ್ತ ಬೆಳೆದಳು. ಹುಡುಗರೊಂದಿಗೆ ಆಡುವುದರಿಂದ ಒಂದು ಲಾಭವುಂಟು. ಮೈಬಲದಲ್ಲಿ ಅವರನ್ನು ಮೀರಲಾಗದಿದ್ದರೆ ಬುದ್ಧಿಬಲದಲ್ಲಿ ಮೀರಬೇಕು. ಚೆಂಡನ್ನು ಹೆಚ್ಚು ಹೊತ್ತು ಕಾಲಲ್ಲಿಟ್ಟುಕೊಳ್ಳದೆ, ಎದುರಾಳಿ ಮೈಮೇಲೆ ಬೀಳುವ ಮುನ್ನ ಸರಿಯಾದ ಜಾಗಕ್ಕೆ ತಳ್ಳಬೇಕು. ಇದು ನಡುಮೈದಾನದ ಮೊದಲ ಪಾಠ. ಹದಿಮೂರನೆಯ ವಯಸ್ಸಿಗೆ, 1993ರ ವೇಳೆಗೆ, ಅವಳು ಮಣಿಪುರ ರಾಜ್ಯ ತಂಡದಲ್ಲಿ ಜಾಗ ಪಡೆದಿದ್ದಳು. 1995ರಲ್ಲಿ ಮಲೇಷ್ಯದಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಗುವಾಮ್ ವಿರುದ್ಧದ ಪಂದ್ಯದಲ್ಲಿ ಭಾರತದ ಅಂಗಿ ತೊಟ್ಟಾಗ ಅವಳ ವಯಸ್ಸು ಹದಿನೈದು.

ಮಣಿಪುರ ತಂಡ ತೊಂಬತ್ತರ ದಶಕದಿಂದ ಈಚೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ಭಾರತದ ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲದ ರಾಜ್ಯವೊಂದರ ಸಾಧನೆ ಇದು. ಇದರ ಗುಟ್ಟನ್ನು ಬೆಟ್ಟದ ಗಾಳಿಯಲ್ಲಿ, ರಕ್ತದ ಗುಣದಲ್ಲಿ ಹುಡುಕುವವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಕೇರಿಕೇರಿಗೆ ಕ್ಲಬ್ಬು, ಕ್ಲಬ್ಬಿಗೊಂದು ಬಯಲು, ಆಡಿ ಬೆಳೆದವರಿಗೆ ಪೊಲೀಸ್ ಮೊದಲಾದ ಇಲಾಖೆಗಳಲ್ಲಿ ನೌಕರಿ – ಈ ಮೂರು ಒಟ್ಟಿಗೆ ಸೇರಿದರೆ ಆಟ ಉಳಿಯುತ್ತದೆ. ಬೆಂಬೆಮ್ ದೇವಿಯವರೂ ಮಣಿಪುರ ಪೊಲೀಸ್ ಇಲಾಖೆಗೆ ಸೇರಿದರು. ಆ ಸಂಬಳವೇ ಅವರ ಆಟಕ್ಕೆ ಅನ್ನವಾಯಿತು. ಭಾರತದ ಪರ ಆಡುವ ಹೆಂಗಸಿಗೆ ಆಟದಿಂದಲೇ ಹೊಟ್ಟೆ ತುಂಬುವ ಕಾಲ ಅದಾಗಿರಲಿಲ್ಲ.

2001ರಲ್ಲಿ ಫೆಡರೇಷನ್ ಅವರನ್ನು ವರ್ಷದ ಶ್ರೇಷ್ಠ ಆಟಗಾರ್ತಿಯೆಂದು ಆರಿಸಿತು. 2003ರಲ್ಲಿ ಭಾರತ ತಂಡದ ನಾಯಕತ್ವ ಅವರಿಗೆ ಬಂತು. ನಾಯಕಿಯಾದರೇನು, ಆಡಲು ಪಂದ್ಯಗಳೇ ಇರಬೇಕಲ್ಲ? 2007ರ ಒಲಿಂಪಿಕ್ ಅರ್ಹತಾ ಪಂದ್ಯಗಳಾದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಭಾರತ ಮಹಿಳಾ ತಂಡ ಒಂದು ಅಂತರರಾಷ್ಟ್ರೀಯ ಪಂದ್ಯವನ್ನೂ ಆಡಲಿಲ್ಲ. ಹದಿನೆಂಟು ತಿಂಗಳು ಆಡದ ದೇಶದ ಹೆಸರನ್ನು ಫಿಫಾ ಆಗ ತನ್ನ ಶ್ರೇಯಾಂಕದ ಪಟ್ಟಿಯಿಂದ ತೆಗೆಯುತ್ತಿತ್ತು. 2009ರಲ್ಲಿ ಭಾರತಕ್ಕೆ ಆ ಗತಿ ಬಂತು. ಆಗ ಬೆಂಬೆಮ್ ದೇವಿಯವರಿಗೆ ಇಪ್ಪತ್ತೊಂಬತ್ತು ವರ್ಷ. ಆಟಗಾರರ ಕಾಲಿಗೂ ಕಣ್ಣಿಗೂ ಅನುಭವಕ್ಕೂ ಒಟ್ಟಿಗೆ ಹೊಂದಿಕೆ ಬರುವ ವಯಸ್ಸದು. ಆ ವಯಸ್ಸಿನ ಎರಡು ವರ್ಷ ಒಮ್ಮೆ ಹೋದರೆ ಹೋದಂತೆಯೇ. ಅವರು ರಾಜ್ಯದ ಪಂದ್ಯಗಳಲ್ಲಿ, ಇಲಾಖೆಯ ಪಂದ್ಯಗಳಲ್ಲಿ ಆಡುತ್ತ ಕಾಲನ್ನು ಹದದಲ್ಲಿಟ್ಟುಕೊಂಡರು. ದೇಶಕ್ಕೆ ತಂಡವೇ ಇಲ್ಲವೆಂಬಂಥ ದಿನಗಳಲ್ಲಿಯೂ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋದವರ ಹಟವನ್ನು ಯಾವ ಅಂಕಿಯೂ ಹೇಳುವುದಿಲ್ಲ.

2010ರಿಂದ ಗಾಳಿ ತಿರುಗಿತು. ಆ ವರ್ಷದ ಆರಂಭದಲ್ಲಿ ಢಾಕಾದಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಮಹಿಳಾ ಕಾಲ್ಚೆಂಡಾಟವನ್ನು ಸೇರಿಸಿದರು. ಭಾರತ ಚಿನ್ನ ಗೆದ್ದಿತು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ಮೊದಲ ದಕ್ಷಿಣ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ಪನ್ನೂ ಗೆದ್ದಿತು. 2012ರಲ್ಲಿ ಕೊಲಂಬೊದಲ್ಲಿ, 2014ರಲ್ಲಿ ಇಸ್ಲಾಮಾಬಾದಿನಲ್ಲಿ ಅದೇ ಪ್ರಶಸ್ತಿ ಮತ್ತೆ ನಮ್ಮದಾಯಿತು. ಈ ವಿಜಯಗಳಲ್ಲಿ ಗೋಲು ಹೊಡೆದ ಕೀರ್ತಿ ಬಹುಪಾಲು ಬಾಲಾ ದೇವಿ, ಸಸ್ಮಿತಾ ಮಲ್ಲಿಕ್ ಮೊದಲಾದ ಮುಂದಾಳುಗಳಿಗೆ ಸಲ್ಲುತ್ತದೆ, ಸಲ್ಲತಕ್ಕದ್ದೇ. ಅವರ ಹಿಂದೆ ನಿಂತು ಚೆಂಡು ಒದಗಿಸಿದವರಲ್ಲಿ ಈ ಹಿರಿಯಕ್ಕನೂ ಇದ್ದರು. 2013ರಲ್ಲಿ ಮತ್ತೊಮ್ಮೆ ಅವರು ವರ್ಷದ ಶ್ರೇಷ್ಠ ಆಟಗಾರ್ತಿಯಾದರು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಹನ್ನೆರಡು ವರ್ಷ! 2014ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಮಾಲ್ಡೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್ಬು ಅವರನ್ನು ಕರೆಸಿಕೊಂಡಿತು. ಹೊರದೇಶದ ಕ್ಲಬ್ಬಿಗೆ ಆಡಲು ಹೋದ ಭಾರತೀಯ ಹೆಂಗಸರಲ್ಲಿ ಅವರು ಮೊದಲ ಸಾಲಿನವರು.

2016ರ ಫೆಬ್ರುವರಿಯಲ್ಲಿ ಶಿಲ್ಲಾಂಗಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ. ಫೈನಲಿನಲ್ಲಿ ಭಾರತ ನೇಪಾಳವನ್ನು 4–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಚಿನ್ನದೊಂದಿಗೆ ಬೆಂಬೆಮ್ ದೇವಿಯವರು ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಮಲೇಷ್ಯದಿಂದ ಶಿಲ್ಲಾಂಗಿನವರೆಗೆ ಇಪ್ಪತ್ತೊಂದು ವರ್ಷ. ಆದರೆ ಬೂಟು ಕಳಚಿ ಮೂಲೆಗಿಡಲಿಲ್ಲ. ಭಾರತದ ಮಹಿಳಾ ಲೀಗ್ ಆರಂಭವಾದಾಗ ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ತಂಡಕ್ಕೆ ಆಟಗಾರ್ತಿಯೂ ಮಾರ್ಗದರ್ಶಕಿಯೂ ಆದರು. 2017ರ ಫೆಬ್ರುವರಿಯಲ್ಲಿ ಆ ತಂಡವೇ ಮೊದಲ ಲೀಗನ್ನು ಗೆದ್ದಿತು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಶ್ರೀ, ಆ ಗೌರವ ಪಡೆದ ಮೊದಲ ಭಾರತೀಯ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಅವರೇ.

ಅರ್ಜುನ ಪ್ರಶಸ್ತಿಯ ವಿಷಯದಲ್ಲಿ ವಾಚಕರು ಒಂದು ಲೆಕ್ಕವನ್ನು ಮಾಡಬೇಕು. ಶಾಂತಿ ಮಲ್ಲಿಕ್ ಅವರಿಗೆ ಬಂದದ್ದು 1983ರಲ್ಲಿ. ಎರಡನೆಯ ಮಹಿಳೆಯಾಗಿ ಬೆಂಬೆಮ್ ದೇವಿಯವರಿಗೆ ಬಂದದ್ದು 2017ರಲ್ಲಿ. ನಡುವಿನ ಮೂವತ್ತನಾಲ್ಕು ವರ್ಷಗಳಲ್ಲಿ ಈ ದೇಶದಲ್ಲಿ ಹೆಂಗಸರು ಕಾಲ್ಚೆಂಡಾಡಲಿಲ್ಲವೆ? ಆಡಿದರು. ನೋಡುವವರು, ಬರೆಯುವವರು, ಬೆನ್ನು ತಟ್ಟುವವರು ಬೇರೆ ಕಡೆಗೆ ಮುಖ ಮಾಡಿದ್ದರು, ಅಷ್ಟೆ.

ಒಬ್ಬರ ಹಟದಿಂದ ಒಂದು ದೇಶದ ಆಟ ಉದ್ಧಾರವಾಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಈ ವರ್ಷಗಳಲ್ಲಿ ಎಷ್ಟೋ ಮಂದಿ ದುಡಿದಿದ್ದಾರೆ. ಆದರೆ ತೊಂಬತ್ತರ ದಶಕದಲ್ಲಿ ಆಟ ಕಲಿತು, ಹೊಸ ಶತಮಾನದಲ್ಲಿ ಹುಟ್ಟಿದ ಹುಡುಗಿಯರಿಗೆ ಎದುರು ನಿಂತು ಕಲಿಸಬಲ್ಲವರು ಬೇಕಾಗಿದ್ದರು. ಅಂಥವರಲ್ಲಿ ಅವರು ಮುಖ್ಯರು. ಅದರ ಫಲ ಈಗ ಕಾಣುತ್ತಿದೆ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿದರು. ಅರ್ಹತಾ ಪಂದ್ಯಗಳನ್ನು ಗೆದ್ದು ಭಾರತ ಏಷ್ಯಾ ಕಪ್ ಪ್ರವೇಶಿಸಿದ್ದು ಅದೇ ಮೊದಲು. ಎರಡು ಗೋಲುಗಳನ್ನೂ ಹೊಡೆದವರು ಬಂಗಾಳದ ಕಲ್ಯಾಣಿಯ ಸಂಗೀತಾ ಬಸ್ಫೋರ್; ಗಡಿ ಕಾಯುವ ಸಶಸ್ತ್ರ ಸೀಮಾ ಬಲದ ನೌಕರಿಯಲ್ಲಿದ್ದು ಆಡಿದವರು. ಮೊಣಕಾಲಿಗೆ ಪೆಟ್ಟಾಗಿ 2022ರ ಏಷ್ಯಾ ಕಪ್ ತಪ್ಪಿಸಿಕೊಂಡಿದ್ದ ಅವರ ಜಾಗವೂ ನಡುಮೈದಾನವೇ. ಅಂದು ಮಾತ್ರ ಅಂಕಿಯ ಪುಸ್ತಕಕ್ಕೂ ನಡುವಿನವರ ಹೆಸರನ್ನು ಬರೆಯದೆ ಗತ್ಯಂತರವಿರಲಿಲ್ಲ.

ಇಷ್ಟು ದೂರದ ಕತೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಅದು ಅಷ್ಟೇನೂ ದೂರದ್ದಲ್ಲ. 2020ರ ಫೆಬ್ರುವರಿ 14ರಂದು ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮಹಿಳಾ ಲೀಗಿನ ಫೈನಲ್ ನಡೆಯಿತು. ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3–2ರಿಂದ ಸೋಲಿಸಿತು. 2023ರಲ್ಲಿ ಬೆಂಗಳೂರಿನದೇ ಕಿಕ್‌ಸ್ಟಾರ್ಟ್ ತಂಡ ಆ ಲೀಗಿನ ಫೈನಲ್ ತಲುಪಿತು. ಇನ್ನು ಕೋಲಾರ ಜಿಲ್ಲೆಗೆ ಕಾಲ್ಚೆಂಡು ಬಂದು ನೂರು ವರ್ಷ ಕಳೆದಿವೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಚಿನ್ನದ ಗಣಿಗೆ ಬಂದರು. ಅವರೊಂದಿಗೆ ಬಂದ ಆಟವನ್ನು ಗಣಿ ಕಾರ್ಮಿಕರ ಮಕ್ಕಳು ತಮ್ಮದಾಗಿ ಮಾಡಿಕೊಂಡರು. 2001ರಲ್ಲಿ ಗಣಿ ಮುಚ್ಚಿತು. ಚೆಂಡು ಮಾತ್ರ ಅಲ್ಲಿ ಉರುಳುತ್ತಲೇ ಇದೆ.

ಆದರೆ ಉರುಳುವ ಆ ಚೆಂಡಿನ ಸುತ್ತ ಹೆಣ್ಣುಮಕ್ಕಳು ಕಾಣುವುದು ಅಪರೂಪ. ನಮ್ಮ ಕಾಲೇಜುಗಳಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಹುಡುಗಿಯರು ಬಸ್ಸು ಹಿಡಿದು ಬರುತ್ತಾರೆ. ಮಾತಾಡಿಸಿದರೆ, ಪ್ರೌಢಶಾಲೆಯಲ್ಲಿ ಖೋ ಖೋ ಆಡಿದವರು, ಕಬಡ್ಡಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಹೋದವರು, ನೂರು ಮೀಟರ್ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದವರು ಅವರಲ್ಲಿದ್ದಾರೆ. ಈಗ ಆಡುತ್ತೀಯೇನಮ್ಮ ಎಂದರೆ ನಗುತ್ತಾರೆ. ಎಸ್.ಎಸ್.ಎಲ್.ಸಿ.ಯೊಂದಿಗೆ ಅದು ಮುಗಿಯಿತು ಸಾರ್ ಎನ್ನುತ್ತಾರೆ. ಸಂಜೆಯ ಬಸ್ಸು ತಪ್ಪಿದರೆ ಊರು ಸೇರುವುದು ಹೇಗೆ? ಕತ್ತಲಾದ ಮೇಲೆ ಮನೆ ಸೇರಿದರೆ ಹೇಳುವವರಾರು, ಕೇಳುವವರಾರು? ಹಾಲು ಕರೆಯುವುದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು ಯಾರ ಪಾಲಿಗೆ? ಇವು ಸಣ್ಣ ಪ್ರಶ್ನೆಗಳಲ್ಲ. ಅವರ ತಾಯಿತಂದೆಯರನ್ನು ಬೈದು ಪ್ರಯೋಜನವೂ ಇಲ್ಲ.

ಆದರೂ ವಯಸ್ಸಿನ ಲೆಕ್ಕ ಮನಸ್ಸನ್ನು ಚುಚ್ಚುತ್ತದೆ. ನಮ್ಮ ಹುಡುಗಿಯರು ಮೈದಾನ ಬಿಡುವ ಹದಿನೈದನೆಯ ವಯಸ್ಸಿನಲ್ಲೇ ಬೆಂಬೆಮ್ ದೇವಿ ದೇಶಕ್ಕಾಗಿ ಮೈದಾನಕ್ಕಿಳಿದದ್ದು. ಅವರಿಗೂ ನಮ್ಮವರಿಗೂ ಇರುವ ಅಂತರ ಮೈಬಲದ್ದಲ್ಲ, ಬುದ್ಧಿಯದ್ದೂ ಅಲ್ಲ. ಅಲ್ಲಿ ಶಾಲೆಗೂ ದೇಶದ ತಂಡಕ್ಕೂ ನಡುವೆ ಕೇರಿಯ ಕ್ಲಬ್ಬಿತ್ತು, ರಾಜ್ಯದ ತಂಡವಿತ್ತು, ಇಲಾಖೆಯ ನೌಕರಿಯಿತ್ತು. ಇಲ್ಲಿ ಪ್ರೌಢಶಾಲೆಯ ಗೇಟಿನಾಚೆಗೆ ಅವರನ್ನು ಎತ್ತಿಕೊಳ್ಳುವವರಿಲ್ಲ. ಪ್ರತಿವರ್ಷ ಮೇಲಿನ ಕೆರೆ ತುಂಬುತ್ತದೆ, ಕೋಡಿಯೂ ಬೀಳುತ್ತದೆ. ನಡುವಿನ ಕೆರೆ ಇಲ್ಲದ್ದರಿಂದ ನೀರು ಬಯಲಿನಲ್ಲಿ ಇಂಗಿಹೋಗುತ್ತದೆ.

ತಾಲ್ಲೂಕಿಗೊಂದು ಹುಡುಗಿಯರ ತಂಡ, ವಾರಕ್ಕೆರಡು ಸಂಜೆ ಒಬ್ಬ ತರಬೇತಿದಾರರು, ಆಟ ಮುಗಿದ ಮೇಲೆ ಊರು ಮುಟ್ಟಿಸುವ ಒಂದು ಬಸ್ಸು – ಬೇಕಾದದ್ದು ಇಷ್ಟು. ಇದರಿಂದ ನಾಳೆಯೇ ಮತ್ತೊಬ್ಬ ಬೆಂಬೆಮ್ ದೇವಿ ಮುಳಬಾಗಿಲಿನಲ್ಲಿ ಹುಟ್ಟಿಬರುತ್ತಾಳೆಂದು ಯಾರೂ ಹೇಳಲಾರರು. ಅಂಥವಳೊಬ್ಬಳು ಈಗಾಗಲೇ ಹುಟ್ಟಿದ್ದು, ನಾಲ್ಕೂವರೆಯ ಬಸ್ಸಿಗೆ ಓಡುತ್ತಿರಬಹುದು.